ಡೆಲ್ಫಿಯಾಳ ಸರದಿ

ಅಡುಗೆಮನೆಯ ಕತ್ತಲಲ್ಲಿ ಅಪ್ಪನ ಬುತ್ತಿ ಡಬ್ಬಿಯ ಮುಚ್ಚಳ ಮೆಲ್ಲಗೆ ಕಿರ್ರೆಂದಿತು. ಡೆಲ್ಫಿಯಾ ಹಾಸಿಗೆಯಲ್ಲೇ ಉಸಿರು ಹಿಡಿದಳು. ಗಣಿ ಕುಸಿದು ಸತ್ತ ಅಪ್ಪನನ್ನು ನಿನ್ನೆಯಷ್ಟೇ ಮಣ್ಣು ಮಾಡಿದ್ದರು.

"ಅಕ್ಕಾ, ಅಪ್ಪ ಬಂದ್ನಾ?" ತಂಗಿ ನೆಟ್ಟಿ ಪಿಸುಗುಟ್ಟಿದಳು.

"ಇಲಿ ಇರ್ಬೇಕು. ನೋಡ್ಕೊಂಡು ಬರ್ತೀನಿ, ಮಲಕ್ಕೋ."

ಅಮೆರಿಕದ ಕೆಂಟಕಿಯಲ್ಲಿ ಕಲ್ಲಿದ್ದಲು ಗಣಿ ಕಂಪನಿ ಕಟ್ಟಿಸಿದ್ದ ಆ ಊರಿನಲ್ಲಿ ಅಪ್ಪಂದಿರೆಲ್ಲ ಬುತ್ತಿಯಲ್ಲಿ ಒಂದು ತುಣುಕನ್ನು ಮಕ್ಕಳಿಗೆಂದು ಉಳಿಸಿ ತರುತ್ತಿದ್ದರು. ಒಂದು ದಿನ ನೆಟ್ಟಿಗೆ, ಮರುದಿನ ಡೆಲ್ಫಿಯಾಳಿಗೆ. ಗಣಿ ಕುಸಿದ ದಿನ ಡೆಲ್ಫಿಯಾಳ ಸರದಿ. ಆದರೆ ಹೊಸ ಬೂಟು ಕೊಡಿಸಲಿಲ್ಲವೆಂದು ಅವಳು ಬೆಳಿಗ್ಗೆ ಅಪ್ಪನನ್ನು ಮಾತಾಡಿಸಿರಲಿಲ್ಲ. ಗಣಿಯವರು ಡಬ್ಬಿ ತಂದುಕೊಟ್ಟಾಗ ಅಮ್ಮ ತೆರೆದು ನೋಡಿ, "ಏನೂ ಇಲ್ಲ," ಎಂದು ಮುಚ್ಚಿದ್ದಳು. "ನೀನು ಮೂತಿ ಊದಿಸ್ಕೊಂಡಿದ್ಯಲ್ಲ, ಅದಕ್ಕೇ ಅಪ್ಪ ಏನೂ ಉಳಿಸಿಲ್ಲ," ಎಂದು ನೆಟ್ಟಿ ಚುಚ್ಚಿದ್ದಳು. ಆ ಮಾತು ಡೆಲ್ಫಿಯಾಳನ್ನು ಸಮಾಧಿಯವರೆಗೂ ಹಿಂಬಾಲಿಸಿತ್ತು.

ಈಗ ಬಾಗಿಲ ಸಂದಿಯಿಂದ ನೋಡಿದರೆ, ಒಲೆಯ ಕೆಂಡದ ಬೆಳಕಿನಲ್ಲಿ ಅಮ್ಮ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಡಬ್ಬಿ, ಕೈಯಲ್ಲಿ ಗಟ್ಟಿಯಾದ ಸೇಬಿನ ಕೇಕಿನ ತುಣುಕು. ಅದರ ಮೇಲೆ ಅಪ್ಪನ ಹೆಬ್ಬೆರಳಿನ ಕಲ್ಲಿದ್ದಲ ಗುರುತು ಕಪ್ಪಗೆ ಕೂತಿತ್ತು. ಅಮ್ಮ ಆ ಗುರುತನ್ನು ಮುಟ್ಟದೆ, ಸುತ್ತಲಿನದನ್ನಷ್ಟೇ ಚೂರು ಚೂರಾಗಿ ಮುರಿದು ತಿನ್ನುತ್ತಿದ್ದಳು.

ಡೆಲ್ಫಿಯಾ ಸದ್ದಿಲ್ಲದೆ ಹಾಸಿಗೆಗೆ ಮರಳಿದಳು.

"ಇಲೀನಾ?"

"ಹೂಂ."

"ಪಾಪ, ಅದಕ್ಕೂ ಡಬ್ಬೀಲಿ ಏನೂ ಸಿಕ್ಕಿರಲ್ಲ. ಎಲ್ಲಾ ನಿನ್ನಿಂದಾನೇ."

ಉತ್ತರ ಡೆಲ್ಫಿಯಾಳ ನಾಲಿಗೆಯ ತುದಿಯವರೆಗೆ ಬಂತು. ಅಮ್ಮ ಬದುಕಿರುವವರೆಗೂ ತಾನು ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ತಂಗಿಯ ಹೆಗಲಿಗೆ ಹೊದಿಕೆ ಎಳೆಯುತ್ತಾ, "ಹೂಂ ಕಣೇ, ನನ್ನಿಂದಾನೇ," ಎಂದಳು.