ಐನೂರು ಮೀಟರ್

ಆ ದೋಣಿಯನ್ನು ತಿರುಗಿಸಿ ಕಳಿಸಿದ್ದು ಸರಿಯೇ, ತಪ್ಪೇ? ಬಂದರಿನ ಕಾವಲು ದೋಣಿಯಲ್ಲಿ ನಿಂತ ಜಯಕರನಿಗೆ ಬೆಳಗಿನಿಂದ ಇದೊಂದೇ ಯೋಚನೆ. ಎದೆನೋವಿನಿಂದ ಒದ್ದಾಡುತ್ತಿದ್ದ ಮೀನುಗಾರ ದೂಮಣ್ಣನನ್ನು ಮಲಗಿಸಿಕೊಂಡು ಮೀನುದೋಣಿಯೊಂದು, ಲಂಗರು ಹಾಕಿದ್ದ ಗ್ಯಾಸ್ ಹಡಗಿನ ಪಕ್ಕದಿಂದಲೇ ದಡಕ್ಕೆ ಹೊರಟಿತ್ತು.

“ಬಿಡು ಮಾರಾಯ, ಸುತ್ತು ಹಾಕಿದ್ರೆ ಅರ್ಧ ಗಂಟೆ ಹೋಗ್ತದೆ!” ಎಂದು ದೋಣಿಯವರು ಬೊಬ್ಬೆ ಹೊಡೆದಿದ್ದರು.

“ಹಡಗಿನ ಐನೂರು ಮೀಟರೊಳಗೆ ಯಾರಿಗೂ ಪ್ರವೇಶ ಇಲ್ಲ. ಒಂದು ಕಿಡಿ ಹಾರಿದ್ರೆ ಊರೇ ಉಳಿಯುದಿಲ್ಲ,” ಎಂದು ಜಯಕರ ಅಡ್ಡಗಟ್ಟಿದ್ದ.

ದೋಣಿ ಸುತ್ತು ಹಾಕಿತು. ದಡ ಮುಟ್ಟುವಷ್ಟರಲ್ಲಿ ದೂಮಣ್ಣನ ಉಸಿರು ನಿಂತಿತ್ತು. ನಿಯಮ ನಿಯಮವೇ ಎಂದು ಜಯಕರ ಮನಸ್ಸು ಕಲ್ಲು ಮಾಡಿಕೊಂಡ.

ಮಧ್ಯಾಹ್ನ ಬಂದರಿನ ದೊಡ್ಡ ಸಾಹೇಬರು ಹೂಮಾಲೆ, ತೆಂಗಿನಕಾಯಿ, ಭಟ್ಟರ ಸಮೇತ ಬಂದು ಅದೇ ಕಾವಲು ದೋಣಿ ಹತ್ತಿದರು. ಹಡಗು ಇಲ್ಲಿಗೆ ಬಂದದ್ದು ಇದೇ ಮೊದಲು, ಪೂಜೆ ಆಗಬೇಕಂತೆ. ದೋಣಿ ಹಡಗಿನ ಮಗ್ಗುಲಿಗೇ ಹೋಗಿ ನಿಂತಿತು. ಭಟ್ಟರು ಕರ್ಪೂರ ಹಚ್ಚಿದರು. ಗಾಳಿಗೆ ಉರಿ ಓಲಾಡಿತು.

“ಏಯ್, ಆರಿದ್ರೆ ಅಪಶಕುನ. ಕೈ ಅಡ್ಡ ಹಿಡಿ!” ಎಂದರು ಸಾಹೇಬರು.

ಜಯಕರ ಎರಡೂ ಕೈ ಬೊಗಸೆ ಮಾಡಿ, ಉರಿ ಆರದಂತೆ ಹಿಡಿದು ನಿಂತ.