ಖಾಲಿ ಕೋಣೆಯ ನಡಿಗೆ

ಪರದೆಯ ಮೇಲಿನ ಕಡ್ಡಿಮನುಷ್ಯ ಕುಂಟುತ್ತಿದ್ದ. ಸೊಸೆಗೆ ನಂಬಿಕೆಯೇ ಬರಲಿಲ್ಲ. ದೃಶ್ಯವನ್ನು ಹಿಂದಕ್ಕೆಳೆದು ಮತ್ತೊಮ್ಮೆ ನೋಡಿದಳು.

ಮನುಷ್ಯರ ನಡಿಗೆಯನ್ನು ಕಂಪ್ಯೂಟರಿನಲ್ಲಿ ಮೂಡಿಸುವುದನ್ನು ಕಲಿಯುತ್ತಿದ್ದಳು. ಅಭ್ಯಾಸದ ನೆಪದಲ್ಲಿ ಮಾವನನ್ನು ಕಲಿಕೆಯ ಸ್ಟುಡಿಯೊಗೆ ಕರೆತಂದು ಅವರ ಮಂಡಿ, ಹಿಮ್ಮಡಿ, ಬೆನ್ನು, ಕೈಗಳಿಗೆ ಹೊಳೆಯುವ ಗುಂಡುಗಳನ್ನು ಅಂಟಿಸಿದ್ದಳು; ಕ್ಯಾಮೆರಾ ಹಿಡಿದ ಆ ಗುಂಡುಗಳ ಚಲನೆಯೇ ಪರದೆಯ ಮೇಲೆ ಕಡ್ಡಿಮನುಷ್ಯನಾಗುತ್ತಿತ್ತು. ಒಳಗಿನ ಲೆಕ್ಕಾಚಾರವೇ ಬೇರೆ. ಮನೆಯಲ್ಲಿ ಅವಳೆದುರು ಕುಂಟುವ ಮಾವ, ಮಗನ ಬೈಕಿನ ಸದ್ದು ಕೇಳಿದ್ದೇ ನೆಟ್ಟಗಾಗಿಬಿಡುತ್ತಿದ್ದರು. ಅಂಗಡಿಗೆ ಹೋಗಿಬರುವ ಓಡಾಟವನ್ನೆಲ್ಲ ತನ್ನ ತಲೆಗೆ ಕಟ್ಟಲು ಹೂಡಿದ ನಾಟಕವಲ್ಲದೆ ಇನ್ನೇನು? "ಕ್ಯಾಮೆರಾ ಇನ್ನೂ ಆನ್ ಮಾಡಿಲ್ಲ, ಸುಮ್ನೆ ಓಡಾಡ್ತಿರಿ ಮಾವ" ಎಂದು ಸುಳ್ಳು ಹೇಳಿ ಹೊರಬಂದಿದ್ದಳು. ಒಬ್ಬರೇ ಇದ್ದಾಗ ನೆಟ್ಟಗೆ ನಡೆದರೆ ಬಣ್ಣ ಬಯಲಾಗುತ್ತದಲ್ಲ!

ಆದರೆ ಖಾಲಿ ಕೋಣೆಯಲ್ಲಿ ಕಡ್ಡಿಮನುಷ್ಯ ಹೆಜ್ಜೆಹೆಜ್ಜೆಗೂ ನಿಲ್ಲುತ್ತಿದ್ದ; ಎರಡೂ ಕೈಯಲ್ಲಿ ಮಂಡಿ ಅವುಚಿಕೊಂಡು ಬಾಗುತ್ತಿದ್ದ. ಆಮೇಲೆ ತಟ್ಟನೆ ಬೆನ್ನು ಸೆಟೆಸಿ, ಕವಾಯತಿಗೆ ಬಂದವನಂತೆ ನಡೆಯತೊಡಗಿದ. ಅದು, ಅವರನ್ನು ಕರೆದೊಯ್ಯಲು ಬಂದ ಅವಳ ಗಂಡ ಬಾಗಿಲು ತೆರೆದು ಆ ಕೋಣೆಯೊಳಗೆ ಕಾಲಿಟ್ಟ ಗಳಿಗೆ.

ಆ ಗಂಡ ಈಗ ಅವಳ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ. "ನೋಡಿದ್ಯಾ? ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ಲಿಫ್ಟ್ ಇಲ್ದಿದ್ರೇನು, ನಾಲ್ಕನೇ ಮಹಡಿ ಮನೇನೇ ತಗೊಳ್ಳೋಣ. ಮೆಟ್ಟಿಲು ಹತ್ತೋದು ಸಲೀಸು ಅಂತ ಅವರೇ ಹೇಳಿದ್ದಾರೆ."

ಕೋಣೆಯ ಗಾಜಿನಾಚೆ ನಿಂತಿದ್ದ ಮಾವ ಸೊಸೆಯನ್ನೇ ನೋಡುತ್ತ, ಹೇಳಬೇಡವೆಂಬಂತೆ ಮೆಲ್ಲಗೆ ತಲೆಯಾಡಿಸಿದರು.

"ಮೊದಲಿಂದ ನೋಡಿ" ಎಂದು ಅವಳು ಗಂಡನಿಗೆ ಹೇಳಿ, ಕಡ್ಡಿಮನುಷ್ಯನನ್ನು ಖಾಲಿ ಕೋಣೆಗೆ ಮರಳಿಸಿದಳು.