ಎದುರಾಳಿಯ ಅಂಗಿ

ಜಾವಾದ ಆ ಬಂದರು ಪಟ್ಟಣದ ಫುಟ್‌ಬಾಲ್ ತಂಡಕ್ಕೆ ತೊಂಬತ್ತು ವರ್ಷಗಳ ಇತಿಹಾಸವಿತ್ತು. ಬೆಟ್ಟದೂರಿನ ತಂಡದ ಜೊತೆಗಿನ ಹಗೆಯೂ ಅಷ್ಟೇ ಹಳೆಯದು. ಆ ದಿನ ಹಳದಿ ಅಂಗಿಗಳಿಂದ ತುಂಬಿದ್ದ ಗ್ಯಾಲರಿಯ ನಟ್ಟನಡುವೆ ಒಬ್ಬ ಹೆಂಗಸು ಬೆಟ್ಟದೂರಿನವರ ನೀಲಿ ಅಂಗಿ ತೊಟ್ಟು ಕುಳಿತಿದ್ದಳು.

ಸುತ್ತಲಿನವರು ಕೂಗಾಡತೊಡಗಿದರು. ಅಭಿಮಾನಿಗಳ ಮುಂದಾಳು ಹರ್ಜೊ ಡೋಲು ಕೆಳಗಿಟ್ಟು ಅವಳ ಬಳಿ ಬಂದ.

“ಅಮ್ಮಾ, ಈ ಹಳದಿ ಶಾಲು ಹೊದ್ಕೊಳ್ಳಿ, ಇಲ್ಲಾಂದ್ರೆ ಎದ್ದು ಹೋಗಿ. ಹುಡುಗರು ನನ್ನ ಮಾತೂ ಕೇಳಲ್ಲ.”

“ಹೊದ್ಕೊಳ್ಳೋದೂ ಇಲ್ಲ, ಹೋಗೋದೂ ಇಲ್ಲ. ಇದು ಯಾರ ಅಂಗಿ ಗೊತ್ತಾ? ಹೋದ ವರ್ಷ ಇದೇ ಗ್ಯಾಲರೀಲಿ ಹೊಡೆದು ಕೊಂದ್ರಲ್ಲ, ಆ ಹುಡುಗಂದು.”

ಕೂಗು ನಿಂತಿತು. ಹರ್ಜೊನ ದನಿ ಇಳಿಯಿತು.

“ಮಗನನ್ನ ಕಳ್ಕೊಂಡೋರು ನೀವು. ಆ ಕಡೆ ನಿಮ್ಮೂರಿನವರ ಜೊತೆ ಕೂತ್ಕೋಬಹುದಿತ್ತಲ್ಲ?”

“ನಮ್ಮೂರು ಇದೇ ಕಣಪ್ಪಾ. ಈ ಅಂಗೀನ ಆ ಹುಡುಗನ ತಾಯಿ ಹತ್ರ ಬೇಡಿ ತಂದೆ,” ಎಂದಳು ಅವಳು, ಮೈದಾನದಿಂದ ಕಣ್ಣು ತೆಗೆಯದೆ. “ಅವನನ್ನ ಕೊಂದು ಜೈಲಿಗೆ ಹೋದವನು ನನ್ನ ಮಗ.”